ಕೈಮುಗಿದು ನಿಲ್ಲುವ ಪಾತ್ರ

ಚಾಮರಾಜಪೇಟೆಯ ಪೆಂಬ್ರಿಜ್ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಭಾಗ್ಯ ಟೀಚರಿಗೆ ಒಂದು ಕೆಟ್ಟ ಚಾಳಿ. ಪಾಠದಲ್ಲಿ ‘ಬ್ರಿಟಿಷರು ರೈಲು ಮಾರ್ಗ ಹಾಕಿದರು’ ಎಂಬ ಸಾಲು ಬಂದ ಕೂಡಲೇ ಪುಸ್ತಕ ಮಡಚಿ ಮೇಜಿನ ಮೇಲಿಟ್ಟು, “ಯಾವ ಬ್ರಿಟಿಷನಪ್ಪಾ? ಕೋಟು ಬಿಚ್ಚಿಟ್ಟು ಜಲ್ಲಿ ಹೊತ್ನಾ?” ಎಂದು ಕೇಳುವುದು. ‘ಆಸ್ಪತ್ರೆ ಕಟ್ಟಿಸಿದರು’ ಎಂದಿದ್ದರೆ, “ಗಾರೆ ಕಲಸಿದ್ಯಾರು?” ‘ಕೆರೆಯಿಂದ ನಲ್ಲಿ ನೀರು ತಂದರು’ ಎಂದಿದ್ದರೆ, “ಕೆರೆ ತೋಡಿದ್ಯಾರು?” ಹೀಗಾಗಿ ಅವಳ ತರಗತಿಯಲ್ಲಿ ಪಾಠ ಮುಂದಕ್ಕೆ ಹೋಗುವುದು ಮೈಸೂರು ರಸ್ತೆಯ ಸಂಜೆ ಟ್ರಾಫಿಕ್ಕಿನ ವೇಗದಲ್ಲಿ.

ಒಮ್ಮೆ ಪ್ರಿಪರೇಟರಿ ಪರೀಕ್ಷೆಯಲ್ಲಿ ‘ಭಾರತಕ್ಕೆ ಬ್ರಿಟಿಷರ ಕೊಡುಗೆಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಯಶಶ್ರೀ ಎಂಬ ಹುಡುಗಿ, ‘ಕೆಲಸ ನಮ್ಮವರು ಮಾಡಿದರು, ಬ್ರಿಟಿಷರು ಉದ್ಘಾಟನೆ ಮಾಡಿದರು’ ಎಂದು ಒಂದೇ ಸಾಲು ಬರೆದು ಕೂತಳು. ಭಾಗ್ಯ ಪೂರ್ತಿ ಅಂಕ ಕೊಟ್ಟಳು. ಮುಖ್ಯೋಪಾಧ್ಯಾಯಿನಿ ಚೂಡಾಮಣಿ ಮೇಡಂ ಪೇಪರು ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು.

“ಭಾಗ್ಯ, ಬೋರ್ಡ್ ಎಕ್ಸಾಮಲ್ಲಿ ಹೀಗೆ ಬರೆದ್ರೆ ಸೊನ್ನೆ ಕೊಡ್ತಾರೆ ಕಣ್ರೀ!”

“ಕೊಡ್ಲಿ ಬಿಡಿ ಮೇಡಂ. ಸೊನ್ನೆ ನಮ್ಮೋರೇ ಕಂಡುಹಿಡಿದಿದ್ದು ಅಂತ ನೀವೇ ಪ್ರೇಯರ್‌ನಲ್ಲಿ ಹೇಳಿದ್ರಲ್ಲ.”

ಚೂಡಾಮಣಿ ಮೇಡಂ ಒಳ್ಳೆಯ ಹೆಂಗಸು. ಆದರೆ ಅವರಿಗೆ ಎಲ್ಲದಕ್ಕೂ ಭಯ. ಡಿಡಿಪಿಐ ಆಫೀಸಿನ ಭಯ, ಆಡಳಿತ ಮಂಡಳಿಯ ಭಯ, ಹಲ್ಲಿಯ ಭಯ. ಪೇಪರು ಮಡಿಚಿಕೊಂಡು ಹೊರಟುಹೋದರು.

ಭಾಗ್ಯಳಿಗೆ ಈ ಚಾಳಿ ಅಂಟಿದ್ದು ಬಿ.ಎಡ್. ಕಾಲೇಜಿನಲ್ಲಲ್ಲ, ಇದೇ ಶಾಲೆಯ ಸಭಾಂಗಣದಲ್ಲಿ. ಅವಳು ಓದಿದ್ದೂ ಇಲ್ಲೇ. ಆ ಸಭಾಂಗಣದ ವೇದಿಕೆಯ ಹಿಂದಿನ ಗೋಡೆಯ ಮೇಲೆ ಪೆಂಬ್ರಿಜ್ ದೊರೆಯ ಆಳೆತ್ತರದ ಪಟವಿದೆ. ಮೀಸೆಯ ಎರಡೂ ತುದಿ ಮೇಲಕ್ಕೆ ತಿರುವಿಕೊಂಡು, ಈಗಷ್ಟೇ ಬಿಸಿ ಸಾರು ಕುಡಿದು ನಾಲಿಗೆ ಸುಟ್ಟುಕೊಂಡವನ ಮುಖ ಮಾಡಿಕೊಂಡು ನಿಂತಿದ್ದಾನೆ. ಪ್ಲೇಗು ಬಂದು ಊರು ಖಾಲಿಯಾಗಿದ್ದ ಕಾಲದಲ್ಲಿ ಈ ಭಾಗದ ನೈರ್ಮಲ್ಯದ ಉಸ್ತುವಾರಿ ಅವನದು. ಪ್ಲೇಗು ಹೋದಮೇಲೆ ಶಾಲೆ ಕಟ್ಟಿಸಿದ. ಪ್ರತಿ ವರ್ಷ ಸಂಸ್ಥಾಪಕರ ದಿನ ಬಂತೆಂದರೆ ಅವನ ಮೇಲೊಂದು ನಾಟಕ. ದೊರೆ ಕೋಲಿನ ಕುದುರೆ ಏರಿ ಬರುತ್ತಾನೆ, ಬೀದಿಯಲ್ಲಿ ಆಡುವ ಬಡ ಮಕ್ಕಳನ್ನು ನೋಡುತ್ತಾನೆ, ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಾನೆ, ಬೆತ್ತದಿಂದ ನೆಲ ಕುಟ್ಟಿ “ಇಲ್ಲೊಂದು ಶಾಲೆಯಾಗಲಿ!” ಎನ್ನುತ್ತಾನೆ. ಹಿಂದೆ ಗೋಣಿತಾಟಿನ ಬಟ್ಟೆ ತೊಟ್ಟ ಮಕ್ಕಳ ಗುಂಪು ಕೈಮುಗಿಯುತ್ತದೆ. ತೆರೆ ಬೀಳುತ್ತದೆ.

ಭಾಗ್ಯ ಓದಿದಷ್ಟು ವರ್ಷವೂ ಆ ಗುಂಪಿನಲ್ಲೇ ನಿಂತಳು. ಬಸವನಗುಡಿ, ಶಂಕರಪುರಂ ಕಡೆಯಿಂದ ಬರುವ ಬೆಳ್ಳಗಿನ ಹುಡುಗರು ಸರದಿಯ ಮೇಲೆ ದೊರೆಯಾದರು, ದೊರೆಯ ಹೆಂಡತಿಯಾದರು, ಒಬ್ಬನಂತೂ ದೊರೆಯ ನಾಯಿಯಾಗಿ ಬೊಗಳಿ ಬಹುಮಾನ ತೆಗೆದುಕೊಂಡ. ಕೇರಿ ಕಡೆಯ ಮಕ್ಕಳಿಗೆ ಗೋಣಿತಾಟು. ಏಳನೇ ತರಗತಿಯಲ್ಲಿ ಅವಳು ಧೈರ್ಯ ಮಾಡಿ, “ಮಿಸ್, ನನಗೂ ಒಂದು ಮಾತು ಕೊಡಿ” ಎಂದು ಕೇಳಿದ್ದಳು. “ನಿಂಗ್ಯಾಕೆ ಮಾತು? ಕೈಮುಗಿದು ನಿಂತ್ಕೊ, ಅದೇ ಚೆನ್ನಾಗ್ ಮಾಡ್ತೀಯ” ಎಂದಿದ್ದರು ಆ ಮಿಸ್ಸು. ನಾಯಿಗೂ ಮಾತಿದ್ದ ನಾಟಕವದು. ಇವತ್ತಿಗೂ ನೆನೆಸಿಕೊಂಡರೆ ಭಾಗ್ಯಳ ಹೊಟ್ಟೆ ಉರಿಯುತ್ತದೆ.

ಆವತ್ತು ಅವಳು ಅಳುತ್ತ ಮನೆಗೆ ಬಂದಳು. ಅಪ್ಪ ಆಂಜಿನಯ್ಯನವರು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಮುಂದೆ ಸೂಪರಿಂಟೆಂಡೆಂಟಾಗಿ ನಿವೃತ್ತರಾದ ಮನುಷ್ಯ. ಒಂದು ಸುಕ್ಕಿಲ್ಲದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಮನೆಯ ಗೋಡೆಗೆ ಬುದ್ಧನ ಪಟ, ಬಾಯಲ್ಲಿ ರೇಡಿಯೋ ವಾರ್ತೆಯ ಕನ್ನಡ. ನಿಮ್ಮ ತಂದೆ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ “ಮುನಿಸಿಪಾಲಿಟಿಯಲ್ಲಿದ್ದರು” ಎನ್ನುವರು. ಅಲ್ಲಿಗೆ ಮುಗಿಯಿತು. ಮುನಿಸಿಪಾಲಿಟಿಯ ಯಾವ ಕೆಲಸ ಎಂದು ಕೇಳುವ ಧೈರ್ಯ ಆ ಇಸ್ತ್ರಿಯ ಅಂಗಿಯ ಎದುರು ಯಾರಿಗೂ ಬರುತ್ತಿರಲಿಲ್ಲ. ಹಾಗೆ ಬರದಿರಲಿ ಎಂದೇ ಅವರು ಅಷ್ಟು ಚೆನ್ನಾಗಿ ಇಸ್ತ್ರಿ ಹಾಕುತ್ತಿದ್ದದ್ದು.

ಅಳುವ ಮಗಳನ್ನು ನೋಡಿ ಅವರ ಬಾಯಿಂದ ಒಂದು ಮಾತು ಜಾರಿತು.

“ಆ ದೊರೆ ಏನೂ ಕೊಟ್ಟಿಲ್ಲ ಕಣಮ್ಮ. ನಮ್ಮಜ್ಜಿ ಮಾರಕ್ಕ ಕಿತ್ಕೊಂಡಿದ್ದು.”

ಆಮೇಲೆ ಗೋಡೆ ಕಡೆ ಮುಖ ಮಾಡಿ, ಇಸ್ತ್ರಿ ಪೆಟ್ಟಿಗೆ ಓಡಿಸುತ್ತಲೇ ಹೇಳಿದರು. ಆಗೆಲ್ಲ ಮನೆಗಳ ಹಿಂದೆ ಕಕ್ಕಸು, ಕಕ್ಕಸಿನ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಕೇರಿಯ ಹೆಂಗಸರು ಬೆಳಕು ಹರಿಯುವ ಮುಂಚೆ ಆ ಗಲ್ಲಿಯಲ್ಲಿ ಬಂದು, ಮಲವನ್ನು ತಗಡಿನ ಬಕೆಟ್ಟಿಗೆ ಬಳಿದುಕೊಂಡು, ಹೊತ್ತುಕೊಂಡು, ಯಾರ ಕಣ್ಣಿಗೂ ಬೀಳದೆ ಹೊರಟುಹೋಗಬೇಕು. ಪ್ಲೇಗಿನಲ್ಲಿ ಎಲ್ಲರೂ ಊರು ಬಿಟ್ಟು ಓಡಿದಾಗ ಇವರನ್ನು ಉಳಿಸಿಕೊಳ್ಳಲು ಪೆಂಬ್ರಿಜ್ ದೊರೆ ಮಾತು ಕೊಟ್ಟ: ನಿಂತು ಕೆಲಸ ಮಾಡಿ, ನಿಮ್ಮ ಮಕ್ಕಳಿಗೆ ಶಾಲೆ. ಪ್ಲೇಗು ಹೋಯಿತು. ಶಾಲೆ ಎದ್ದಿತು. ಸುತ್ತಲಿನ ದೊಡ್ಡ ಮನುಷ್ಯರು ಮೂಗು ಮುಚ್ಚಿಕೊಂಡು ಬೇಡವೆಂದರು, ದೊರೆಗೆ ಮಾತು ಮರೆತುಹೋಯಿತು. ಶಾಲೆ ಉದ್ಘಾಟನೆಯ ದಿನ ಮಾರಕ್ಕ ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹಿಂದಿನ ಗಲ್ಲಿ ಬಿಟ್ಟು ಮುಂದಿನ ಬೀದಿಯಲ್ಲಿ ಬಂದಳು.

“ಬಂದು ಗೇಟ್ ಮುಂದೆ ಕೂತ್ಕೊಂಡ್ರು. ಮಕ್ಕಳನ್ನ ಸೇರಿಸ್ಕೊಂಡ್ರು. ಅದರಲ್ಲಿ ನಮ್ಮಪ್ಪಾನೂ ಒಬ್ರು. ಅಷ್ಟೆ.” ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಮಗಳ ಕಡೆ ತಿರುಗಿದರು. “ಇದನ್ನ ಹೊರಗಡೆ ಹೇಳ್ಬೇಡ. ನನ್ನಾಣೆ.”

ಭಾಗ್ಯ ಹೇಳಲಿಲ್ಲ. ಓದಿದಳು, ಇದೇ ಶಾಲೆಗೆ ಟೀಚರಾಗಿ ಬಂದಳು, ಮದುವೆಯಾದಳು, ವೈಯಾಲಿಕಾವಲ್‌ನಲ್ಲಿ ಮನೆ ಮಾಡಿ ಅಪ್ಪನನ್ನು ಕರೆತಂದಳು. ಮಾರಕ್ಕನ ಹೆಸರನ್ನು ಮಾತ್ರ ಗಂಟಲಲ್ಲೇ ಇಟ್ಟುಕೊಂಡಳು. ಹೊರಗೆ ಬರಲು ದಾರಿ ಸಿಗದೆ ಅದು ರೈಲಿನ ಪ್ರಶ್ನೆಯಾಗಿ, ಆಸ್ಪತ್ರೆಯ ಪ್ರಶ್ನೆಯಾಗಿ ಹೊರಬರುತ್ತಿತ್ತು.

ಹೀಗಿರುವಾಗ ಶಾಲೆಯ ನೂರಿಪ್ಪತ್ತೈದನೇ ವರ್ಷದ ಸಮಾರಂಭ ಬಂತು. ಅದರ ಜೊತೆಗೆ ವಸಿಷ್ಠ ಬಂದ.

ವಸಿಷ್ಠ ಆಡಳಿತ ಮಂಡಳಿಯ ಹೊಸ ಕಾರ್ಯದರ್ಶಿ. ಖಾದಿ ಜುಬ್ಬ, ಕೈಯಲ್ಲಿ ತಾಮ್ರದ ನೀರಿನ ಬಾಟಲಿ. ಎಲ್ಲೋ ಒಂದು ಸಮ್ಮೇಳನಕ್ಕೆ ಹೋಗಿ ‘ನಿರ್ವಸಾಹತೀಕರಣ’ ಎಂಬ ಪದ ಕಲಿತು ಬಂದಿದ್ದ. ಮೊದಲ ಸಭೆಯಲ್ಲೇ ಅದನ್ನು ಬೋರ್ಡಿನ ಮೇಲೆ ಬರೆದ. ಟೀಚರುಗಳು ಸರದಿಯಲ್ಲಿ ಉಚ್ಚರಿಸಲು ಹೋಗಿ ನಾಲಿಗೆ ಕಚ್ಚಿಕೊಂಡರು. ಶಿಕ್ಷಣವನ್ನು ಬಿಳಿಯರ ನೆರಳಿನಿಂದ ಬಿಡಿಸಬೇಕು ಎಂದು ಅವನು ಇಂಗ್ಲಿಷಿನಲ್ಲಿ ವಿವರಿಸಿದ.

“ಮೊದಲು ಆ ಪಟ ಇಳಿಸಿ” ಎಂದ.

ಭಾಗ್ಯಳಿಗೆ ಖುಷಿಯಾಯಿತು. ಸುಳ್ಳು ಯಾಕೆ, ಆ ಮನುಷ್ಯನ ಮೇಲೆ ಪ್ರೀತಿಯೇ ಬಂತು. ಏಣಿ ತಂದು ಪಟ ಇಳಿಸಿದರು. ಹಿಂದೆ ಗೋಡೆ ತುಂಬ ತೇವ ಹಿಡಿದು, ಸುಣ್ಣ ಉದುರಿ, ಹಸಿರು ಪಾಚಿ ಬೆಳೆದಿತ್ತು. ಚೂಡಾಮಣಿ ಮೇಡಂ ಎದೆ ಹಿಡಿದುಕೊಂಡರು. “ಅಯ್ಯೋ, ಫಂಕ್ಷನ್ ಹತ್ರ ಬಂತಲ್ರೀ, ಪ್ಲಾಸ್ಟರ್ ಮಾಡ್ಸೋಕೆ ಯಾರಿದಾರೆ? ವಾಪಸ್ ಹಾಕ್ಬಿಡಿ!” ಎಂದರು. ಕೊನೆಗೆ ದೊರೆ ತನ್ನ ಜಾಗಕ್ಕೇ ಮರಳಿದ. ಅವನ ಮುಖದ ಮೇಲೊಂದು ಕೇಸರಿ ಶಲ್ಯ ಇಳಿಬಿಟ್ಟರು. ನಿರ್ವಸಾಹತೀಕರಣ ಅಷ್ಟಕ್ಕೆ ನಿಂತಿತು.

ಆದರೆ ವಸಿಷ್ಠ ಹೊಸ ನಾಟಕ ಬರೆದು ತಂದಿದ್ದ. ಓದಿದ. ದೊರೆ ಕುದುರೆ ಏರಿ ಬರುತ್ತಾನೆ. ಆಲದ ಮರದ ಕೆಳಗೆ ಪಾಠ ಹೇಳುತ್ತಿರುವ ಗುರುವಿನ ತಾಳೆಗರಿ ಕಿತ್ತುಕೊಳ್ಳುತ್ತಾನೆ, ಅಟ್ಟಹಾಸ ಮಾಡುತ್ತಾನೆ. ಹಿಂದೆ ಬಡಜನರ ಗುಂಪು ತಲೆಯ ಮೇಲೆ ಕೈ ಹೊತ್ತು ಅಳುತ್ತದೆ.

“ಆ ಗುಂಪಿಗೆ ಮಾತಿದ್ಯಾ ಸಾರ್?” ಭಾಗ್ಯ ಕೇಳಿದಳು.

“ಇಲ್ಲ ಮೇಡಂ. ಮೌನ ರೋದನ. ತುಂಬಾ ಪವರ್‌ಫುಲ್ ಆಗಿರುತ್ತೆ.”

“ಬಟ್ಟೆ?”

“ಹಳೇ ಗೋಣಿತಾಟಿದೆಯಲ್ಲ, ಅದೇ ಆಗುತ್ತೆ.”

ಭಾಗ್ಯಳ ಪಿತ್ತ ನೆತ್ತಿಗೇರಿತು. “ಸಾರ್, ಮುಂಚೆ ದೊರೆ ಕೊಟ್ಟ, ನಾವು ಕೈಮುಗಿದ್ವಿ. ಈಗ ದೊರೆ ಕಿತ್ಕೊಂಡ, ನಾವು ತಲೆ ಮೇಲೆ ಕೈ ಹೊತ್ವಿ. ಕೈ ಇರೋ ಜಾಗ ಬಿಟ್ರೆ ಇನ್ನೇನ್ ಬದಲಾಯ್ತು? ಅಷ್ಟೂ ಜನ ಸುಮ್ನೆ ನಿಂತಿದ್ರಾ? ಯಾರಿಗೂ ತಲೆ ಇರ್ಲಿಲ್ವಾ, ಬಾಯಿ ಇರ್ಲಿಲ್ವಾ?”

ವಸಿಷ್ಠ ತಾಮ್ರದ ಬಾಟಲಿಯಿಂದ ನೀರು ಕುಡಿದ. “ಹಾಗಾದ್ರೆ ನೀವೇ ಬರೀರಿ ಮೇಡಂ” ಎಂದ.

ಅವಳು ಬರೆದೇಬಿಟ್ಟಳು. ಒಂದು ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿಟ್ಟಿನ ಬಾಣಲೆ ಪಕ್ಕದಲ್ಲಿಟ್ಟುಕೊಂಡು. ಗಲ್ಲಿ, ಬಕೆಟ್ಟು, ದೊರೆ ಕೊಟ್ಟ ಮಾತು, ಮುಂದಿನ ಬೀದಿ, ಗೇಟಿನ ಮುಂದೆ ಕೂತ ಹೆಂಗಸರು, ಎಲ್ಲ ಬಂತು. ತನ್ನ ಮುತ್ತಜ್ಜಿ ಎಂದು ಎಲ್ಲೂ ಬರೆಯಲಿಲ್ಲ, ಹೆಸರು ಮಾತ್ರ ಮಾರಕ್ಕ ಎಂದೇ ಇಟ್ಟಳು. ವಸಿಷ್ಠ ಓದಿ ಮೆಚ್ಚಿದ. ಆದರೆ ಹೆಂಗಸರಿಗೆ ದಾರಿ ತೋರಿಸಲು ಒಬ್ಬ ಗುರು ಬೇಕಲ್ಲವೇ ಎಂದ. ಭಾಗ್ಯ ಒಪ್ಪಿ ಗುರುವನ್ನು ಸೇರಿಸಿದಳು. ಆದಿಯಿಂದ ಅಂತ್ಯದವರೆಗೆ ಅವನು ವೇದಿಕೆಯ ಮೂಲೆಯಲ್ಲಿ ಮರದ ಕೆಳಗೆ ಕಣ್ಣು ಮುಚ್ಚಿ ಕೂತಿರುತ್ತಾನೆ. ಮಾತಿಲ್ಲ. ವಸಿಷ್ಠನಿಗೆ ತೃಪ್ತಿಯಾಯಿತು. ಭಾಗ್ಯಳಿಗೆ ಇನ್ನೂ ಜಾಸ್ತಿ ತೃಪ್ತಿಯಾಯಿತು.

ಎಲ್ಲ ಸರಿಯಿತ್ತು. ಅಷ್ಟರಲ್ಲಿ ಚೂಡಾಮಣಿ ಮೇಡಂ ಸಂಭ್ರಮದಿಂದ ಬಂದು ಹೇಳಿದರು: “ಭಾಗ್ಯ, ಬದುಕಿರೋ ಹಳೇ ವಿದ್ಯಾರ್ಥಿಗಳಲ್ಲಿ ನಿಮ್ತಂದೆಯೋರೇ ಸೀನಿಯರ್ ಅಂತೆ! ಅವ್ರಿಗೆ ಸನ್ಮಾನ. ಮೊದಲನೇ ಸಾಲಿನಲ್ಲಿ ಕುರ್ಚಿ.”

“ಮೊದಲನೇ ಸಾಲೇ ಆಗ್ಬೇಕಾ ಮೇಡಂ?” ಎಂದಳು ಭಾಗ್ಯ.

ಅಪ್ಪನಿಗೆ ವಯಸ್ಸು ಎಂಬತ್ತಾರು. ಆ ಇಸ್ತ್ರಿಯ ಅಂಗಿಯನ್ನು ಒಂದು ದಿನವೂ ಸುಕ್ಕಾಗಲು ಬಿಡದೆ ಇಷ್ಟು ದೂರ ಬಂದ ಮನುಷ್ಯ. ಅವರ ಆಣೆ ಮುರಿದು, ಅವರ ಅಜ್ಜಿ ಹೊತ್ತದ್ದೇನು ಎಂಬುದನ್ನು ಅವರನ್ನೇ ಮುಂದೆ ಕೂರಿಸಿಕೊಂಡು ಊರಿಗೆಲ್ಲ ತೋರಿಸುವುದೇ? ನಾಟಕದ ವಿಷಯ ಹೇಳಿಬಿಡೋಣವೆಂದು ಅವಳು ದಿನಾ ಅವರ ಕೋಣೆಯ ಬಾಗಿಲವರೆಗೆ ಹೋದಳು, ದಿನಾ “ಕಾಫಿ ಬೇಕಾ ಅಪ್ಪ?” ಎಂದು ಕೇಳಿ ವಾಪಸ್ಸು ಬಂದಳು. ಆ ತಿಂಗಳು ಆಂಜಿನಯ್ಯನವರು ಕುಡಿದಷ್ಟು ಕಾಫಿ ಜೀವಮಾನದಲ್ಲಿ ಕುಡಿದಿರಲಿಲ್ಲ.

ಗಂಡ ಸತೀಶ್‌ಗೆ ಹೇಳಿದಳು. ಅವನು, “ನಾಟಕ ಬಿಟ್ಬಿಡು, ಇಲ್ಲಾ ಮಾವನಿಗೆ ಹುಷಾರಿಲ್ಲ ಅಂದ್ಬಿಡು” ಎಂದ. ಬಿಟ್ಟರೆ ಮತ್ತೆ ಆ ಮಕ್ಕಳಿಗೆ ಗೋಣಿತಾಟು. ಅದು ಅವಳಿಂದಾಗದು. ಕೊನೆಗೆ ಅಂಜಿ ಒಂದು ಅಡ್ಡದಾರಿ ಹಿಡಿದಳು. ಬಕೆಟ್ಟು ತೆಗೆದು ಪೊರಕೆ ಕೊಟ್ಟಳು. ಕಕ್ಕಸಿನ ಮಾತೆಲ್ಲ ಹೊಡೆದುಹಾಕಿ ‘ಬೀದಿ ಗುಡಿಸುವವರು’ ಎಂದು ಮಾಡಿದಳು. ಬೀದಿ ಗುಡಿಸುವುದಾದರೆ ಅಷ್ಟೇನೂ ಅವಮಾನವಲ್ಲ, ಅಪ್ಪ ತನಗೆ ಸಂಬಂಧವಿಲ್ಲದವರಂತೆ ಕೂತು ನೋಡಬಹುದು ಎಂದು ಲೆಕ್ಕ ಹಾಕಿದಳು.

ಮಾರಕ್ಕನ ಪಾತ್ರ ಯಶಶ್ರೀಯದು. ಆ ಒಂದೇ ಸಾಲಿನ ಉತ್ತರದ ಹುಡುಗಿ.

“ಬಕೆಟ್ ಯಾಕ್ ತೆಗೆದ್ರಿ ಮಿಸ್? ಅದೇ ಸೂಪರಾಗಿತ್ತು.”

“ಸ್ಟೇಜ್ ಮೇಲೆ ಜಾಗ ಸಾಲಲ್ಲ ಕಣೆ.”

“ಮರದ ಕೆಳಗೆ ಸುಮ್ನೆ ಕೂತಿರೋ ಗುರುಗೆ ಜಾಗ ಇದೆ, ಬಕೆಟ್‌ಗೆ ಇಲ್ವಾ?”

ಭಾಗ್ಯ ಗದರಿಸಿ ಬಾಯಿ ಮುಚ್ಚಿಸಿದಳು. ಇಷ್ಟು ವರ್ಷ ಪ್ರಶ್ನೆ ಕೇಳುವುದನ್ನು ಕಲಿಸಿದವಳು ತಾನೇ ಉತ್ತರ ನುಂಗಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಪೊರಕೆಯೇ ಉಳಿಯಿತು.

ಸಮಾರಂಭದ ದಿನ ಆಂಜಿನಯ್ಯನವರು ಹೊಸ ಬಿಳಿ ಅಂಗಿ ತೊಟ್ಟು ಬಂದರು. ಮೈಸೂರು ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ವಸಿಷ್ಠನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆ ಸಾಲಿನಲ್ಲಿ ಚೂಡಾಮಣಿ ಮೇಡಂ, ಆಡಳಿತ ಮಂಡಳಿಯವರು, ಬಡಾವಣೆಯ ಗಣ್ಯರು, ಜೊತೆಗೆ ಕೊರಳ ಹಾರ ಇನ್ನೂ ತೆಗೆಯದಿದ್ದ ಒಬ್ಬ ಮಾಜಿ ಕಾರ್ಪೊರೇಟರು. ನಾಟಕ ಶುರುವಾಯಿತು.

ದೊರೆ ಬಂದ. ರಟ್ಟಿನ ಶಾಲೆಯ ಬಾಗಿಲಿನ ಮುಂದೆ ನಿಂತು ಮೀಸೆ ತಿರುವಿದ. ಗುರು ಮರದ ಕೆಳಗೆ ಕಣ್ಣು ಮುಚ್ಚಿದ. ಆಗ ಹುಡುಗಿಯರ ಗುಂಪು ವೇದಿಕೆಯ ಹಿಂದಿನಿಂದ ಬರಲಿಲ್ಲ. ಸಭಾಂಗಣದ ದೊಡ್ಡ ಬಾಗಿಲಿನಿಂದ, ಜನರ ನಡುವೆಯೇ, ಪೊರಕೆ ಹಿಡಿದು ನಡೆದು ಬಂತು. ಜನ ತಿರುತಿರುಗಿ ನೋಡಿದರು. ವೇದಿಕೆ ಹತ್ತಿ ಯಶಶ್ರೀ, “ನಾನು ಮಾರಕ್ಕ. ನೀವು ಮಾತು ಕೊಟ್ಟಿದ್ರಿ. ನಮ್ಮ ಮಕ್ಕಳನ್ನ ಸೇರಿಸ್ಕೊಳ್ಳಿ” ಎಂದಳು. ಹುಡುಗಿಯರು ಬಾಗಿಲ ಮುಂದೆ ಕೂತರು.

ಮಾರಕ್ಕ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಆಂಜಿನಯ್ಯನವರು ಊರುಗೋಲು ಊರಿ ಎದ್ದು ನಿಂತರು.

ಮುಗಿಯಿತು ಎಂದುಕೊಂಡಳು ಪರದೆಯ ಪಕ್ಕದಲ್ಲಿದ್ದ ಭಾಗ್ಯ. ಎದ್ದು ಹೋಗುತ್ತಾರೆ. ಇನ್ನು ಈ ಜನ್ಮದಲ್ಲಿ ತನ್ನ ಜೊತೆ ಮಾತಾಡುವುದಿಲ್ಲ. ಪೇಟ ತೊಟ್ಟ ಮುದುಕ ಎದ್ದದ್ದು ನೋಡಿ ವಸಿಷ್ಠ ಬಗ್ಗಿ ಮೆಲ್ಲಗೆ ಹೇಳಿದ:

“ಬಾತ್‌ರೂಮ್ ಆ ಕಡೆ ಇದೆ ಸಾರ್, ಎಡಕ್ಕೆ.”

“ನನಗೆ ಬೇಡಪ್ಪ,” ಎಂದರು ಆಂಜಿನಯ್ಯನವರು, ಸಭಾಂಗಣಕ್ಕೆಲ್ಲ ಕೇಳುವಂತೆ. “ಅದರ ವಿಷಯಾನೇ ಮಾತಾಡೋಣ ಅಂತ ಎದ್ದೆ.”

ಅವರು ನಡೆದು ವೇದಿಕೆಯ ಅಂಚಿಗೆ ಬಂದರು. ಕೋಲಿನಿಂದ ಯಶಶ್ರೀಯ ಕೈ ತೋರಿಸಿದರು.

“ಇದೇನಮ್ಮ ಭಾಗ್ಯ, ಪೊರಕೆ ಕೊಟ್ಟಿದೀಯ?”

ಭಾಗ್ಯ ಪರದೆಯಿಂದ ಹೊರಗೆ ಬಂದಳು. “ಅಪ್ಪ... ನೀವು ಬೇಜಾರು ಮಾಡ್ಕೋತೀರ ಅಂತ...”

“ಮಾಡ್ಕೊಂಡಿದೀನಿ. ಪೊರಕೆ ನೋಡಿ ಮಾಡ್ಕೊಂಡಿದೀನಿ. ಪೊರಕೆಗೆ ಯಾವ ದೊರೆ ಹೆದರ್ತಾನೆ? ಬಕೆಟ್ಟು ಕಣಮ್ಮ. ನಮ್ಮಜ್ಜಿ ಬಕೆಟ್ಟು ತಗೊಂಡು ಬಂದಿದ್ಲು.”

ನಮ್ಮಜ್ಜಿ ಎಂಬ ಮಾತು ಎಲ್ಲರಿಗೂ ಕೇಳಿಸಿತ್ತು. ರೇಡಿಯೋ ವಾರ್ತೆಯ ಆ ಕನ್ನಡ ಎಲ್ಲಿ ಹೋಯಿತೋ.

“ಗೇಟ್ ಮುಂದೆ ಕೂತ್ಕೊಂಡ್ರು ಅಂತ ನಿಂಗೆ ನಾನು ಹೇಳಿದ್ದು ಸುಳ್ಳು. ಮಗು ಕಿವಿಗೆ ಯಾಕೆ ಅಂತ ತೊಳೆದು ಹೇಳಿದ್ದು. ಕೂರ್ಲಿಲ್ಲ. ಆವತ್ತು ಬೆಳಗ್ಗೆ ಈ ಪೇಟೆಯ ಅಷ್ಟೂ ಮನೇದು ಬಳಿದು, ಬಕೆಟ್ಟು ತುಂಬಿಸ್ಕೊಂಡು, ಗಲ್ಲಿ ಬಿಟ್ಟು ಬೀದೀಲಿ ಬಂದ್ರು. ದೊರೆ, ದೊರೆಸಾನಿ, ಜರಿಪೇಟದೋರು ಎಲ್ಲ ಕುರ್ಚಿ ಹಾಕ್ಕೊಂಡು ಕೂತಿದ್ರು, ಹೀಗೇ, ಮೊದಲನೇ ಸಾಲಲ್ಲಿ. ಅವರ ಮುಂದೆ ತುಂಬಿದ ಬಕೆಟ್ಟು ಹಿಡ್ಕೊಂಡು ನಿಂತ್ರು. ಅಜ್ಜಿ ಬೈಲಿಲ್ಲ, ಅಳ್ಲಿಲ್ಲ. ಒಂದೇ ಮಾತು ಕೇಳಿದ್ಲು.”

“ಏನಂತ ತಾತ?” ಎಂದಳು ಯಶಶ್ರೀ. ಪೊರಕೆ ಆಗಲೇ ನೆಲದ ಮೇಲಿತ್ತು.

ಅವಳು ವೇದಿಕೆಯ ಅಂಚಿಗೆ ಬಂದು ಬಗ್ಗಿದಳು, ಆಂಜಿನಯ್ಯನವರು ಅವಳ ಕಿವಿಯಲ್ಲಿ ಹೇಳಿದರು. ಹುಡುಗಿಯ ಮುಖ ಅರಳಿತು. ಓಡಿಹೋಗಿ ಶಾಲೆಯ ಬಚ್ಚಲಿನಿಂದ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ಟು ತಂದಳು. ಎರಡೂ ಕೈಯಲ್ಲಿ ಹಿಡಿದು, ಭಾರಕ್ಕೆ ಮೈ ವಾಲಿಸಿಕೊಂಡು, ದೊರೆಯ ಕಡೆ ಹೋಗದೆ ವೇದಿಕೆ ಇಳಿದು ನೇರ ಮೊದಲ ಸಾಲಿನ ಮುಂದೆ ಬಂದು ನಿಂತಳು. ಬಕೆಟ್ಟನ್ನು ಅವರ ಕಾಲ ಬಳಿಗೆ ಸ್ವಲ್ಪ ತಗ್ಗಿಸಿದಳು.

“ಇಲ್ಲೇ ಇಳಿಸ್ಬುಡ್ಲಾ ಬುದ್ದೀ?”

ಇಡೀ ಸಾಲು ಕಾಲು ಮೇಲೆತ್ತಿತು. ಚೂಡಾಮಣಿ ಮೇಡಂ ಸೀರೆ ಎತ್ತಿ ಹಿಡಿದರು, ಮಾಜಿ ಕಾರ್ಪೊರೇಟರ ಕೈ ಮೂಗಿಗೆ ಹೋಯಿತು, ವಸಿಷ್ಠನ ತಾಮ್ರದ ಬಾಟಲಿ ಉರುಳಿ ವೇದಿಕೆಯ ಕೆಳಗೆ ಸೇರಿತು. ಮೇಲೆ ದೊರೆಯ ಪಾತ್ರದ ಹುಡುಗ ಹೆದರಿ, ತನ್ನ ಮಾತು ಹೇಳುವುದನ್ನೂ ಮರೆತು, ಬಾಗಿಲು ತೆರೆದ. ರಟ್ಟಿನ ಬಾಗಿಲು ಕಿತ್ತು ಅವನ ಕೈಗೇ ಬಂತು. ಗುಂಪಿನ ಹುಡುಗಿಯರು ಹೋ ಎಂದು ಕೂಗುತ್ತ ಒಳಗೆ ನುಗ್ಗಿದರು. ಅದಕ್ಕಾಗಿ ಯಾರೂ ಮಾತು ಬರೆದುಕೊಟ್ಟಿರಲಿಲ್ಲ. ಗುರು ಕಣ್ಣು ಬಿಟ್ಟು ನೋಡಿ, ಅವರ ಹಿಂದೆ ತಾನೂ ಓಡಿದ.

ಹಿಂದಿನ ಸಾಲುಗಳು ಎದ್ದು ಚಪ್ಪಾಳೆ ತಟ್ಟಿದವು. ಭಾಗ್ಯ ಎಲ್ಲರೆದುರು ಅತ್ತಳು. ಅಳು ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ. ಅಪ್ಪನ ಬಳಿ ಬಂದು ಅವರ ತೋಳು ಹಿಡಿದುಕೊಂಡಳು. ಹಿಡಿದ ಬಿಗಿಗೆ ಆ ಅಂಗಿಯ ತೋಳು ಪೂರ್ತಿ ಸುಕ್ಕಾಯಿತು. ಅವರು ಅದನ್ನು ನೇರ ಮಾಡಿಕೊಳ್ಳಲಿಲ್ಲ.

ಮಗಳ ಕೈ ಹಿಡಿದು ತಮ್ಮ ಕುರ್ಚಿಗೆ ಬಂದು ಕೂತರು. ಪಕ್ಕದಲ್ಲಿ ವಸಿಷ್ಠ ಇನ್ನೂ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದ.

“ಸಾರ್,” ಎಂದ, ಗಂಟಲು ಸರಿಮಾಡಿಕೊಂಡು, “ಇದು, ಇದು ನಿಜವಾದ ನಿರ್ವಸಾ... ನಿರ್ವಸಾಹತಿ...”

ಆಂಜಿನಯ್ಯನವರು ಅವನ ಮೊಣಕಾಲು ಮೆಲ್ಲಗೆ ತಟ್ಟಿದರು.

“ಕಾಲು ಕೆಳಗಿಡಪ್ಪ. ಈ ಬಕೆಟ್ಟು ಖಾಲಿ.”